ಕತ್ತರಿಸಿದ್ದು

ನಲವತ್ತೊಂದು ನಿಮಿಷದ ಈ ಟೇಪಿನಲ್ಲಿ
ಮಾತಿರುವುದು ಆರೇ ನಿಮಿಷ.
ಉಳಿದದ್ದೆಲ್ಲ ಮರ ತಿಕ್ಕುವ ಸದ್ದು.
"ಕತ್ತರಿಸು" ಅನ್ನುತ್ತಾನೆ ನಿಲಯದ ಯಜಮಾನ,
"ಭಾನುವಾರ ಬೆಳಿಗ್ಗೆ ಜನಕ್ಕೆ ಬಾಂಜೊ ಬೇಕು,
ಬಡಗಿಯ ಬೆವರಲ್ಲ."

ಗಣಿ ಕಂಪನಿಯ ಹಳೇ ಅಂಗಡಿಯ ಮಹಡಿಯಲ್ಲಿ
ನಮ್ಮ ರೇಡಿಯೋ. ಒಂದು ಮೈಕು, ಎರಡು ಕುರ್ಚಿ,
ಮೊಟ್ಟೆಯ ಟ್ರೇ ಬಡಿದ ಗೋಡೆ.
ಕೆಳಗೆ ಕಲ್ಲಿದ್ದಲ ರೈಲು ಹಾದರೆ
ಮಾತಿನ ನಡುವೆ ಗ್ಲಾಸಿನ ನೀರು ನಡುಗುತ್ತದೆ.
ನಾನು ಕೇಳುವವಳು. ಹನ್ನೊಂದು ವರ್ಷದಿಂದ
ಪೂರ್ವ ಕೆಂಟಕಿಯ ಈ ಬೆಟ್ಟಗಳ ಸಂದುಗೊಂದಿಗೆ ಕಾರು ಹತ್ತಿಸಿ
ಕೇಳಿದ್ದೇನೆ: ಹೇಗೆ ಬರೆಯುತ್ತೀರಿ? ಯಾಕೆ ನುಡಿಸುತ್ತೀರಿ?
ಬಾಗಿಲು ತೆರೆದವರು ಮೊದಲು ನನ್ನನ್ನೇ ಕೇಳುತ್ತಾರೆ:
"ಯಾರ ಪೈಕಿ ನೀನು?"
ಅಜ್ಜಿಯ ಹೆಸರು ಹೇಳಿದ ಮೇಲೆಯೇ ಕಾಫಿ.
ಯಾಕೆಂದರೆ ಹಿಂದೆಯೂ ಬಂದಿದ್ದರು ಮೈಕು ಹಿಡಿದು.
ಹಾಡು ಕೇಳಲಿಲ್ಲ; ಹಲ್ಲು ಬಿದ್ದವರನ್ನು ಹುಡುಕಿ
ಮುರಿದ ಜಗಲಿಯ ಮುಂದೆ ನಿಲ್ಲಿಸಿ, ಹೊರಟುಹೋದರು.

ಓರ್ಲೀನಾ ಕ್ರೀಚ್ ಚಿತ್ರ ಬರೆಯುವುದು ಹೊಳೆಯ ಕೆಸರಿನಲ್ಲಿ,
ಮುಚ್ಚಿದ ಗಣಿ ಇನ್ನೂ ಒಸರುವ ಕೇಸರಿ ಕೆಸರು.
ಒಣಗಿಸಿ, ಅರೆದು, ಎಣ್ಣೆ ಬೆರೆಸಿ.
ಇದರ ಅರ್ಥವೇನು ಎಂದೆ, ಪೆದ್ದಿಯ ಹಾಗೆ.
"ಎರಡನೇ ಕ್ಲಾಸಿನಲ್ಲಿ ನಮ್ಮ ಹೊಳೆ ಬರೆದೆ.
ಹೊರಗಿಂದ ಬಂದ ಹೊಸ ಟೀಚರು
ನೀರು ನೀಲಿ, ನೀರು ನೀಲಿ ಅಂತ ತಿದ್ದಿದಳು.
ಇನ್ನೂ ಅದೇ ಚಿತ್ರ ಮುಗಿಸುತ್ತಿದ್ದೇನೆ ಕಣೇ."
ಅಂಥ ಉತ್ತರ ಸಿಕ್ಕಿದ ದಿನ
ಇಳಿಜಾರಿನಲ್ಲಿ ಕಾರು ತಾನೇ ಉರುಳುತ್ತದೆ.

ಕವಿ ವರ್ಡೀ ಸ್ಟಿಡಮ್, ರಾತ್ರಿಪಾಳಿಯ ನರ್ಸು,
ಕವಿತೆಯ ಬಗ್ಗೆ ಒಂದೇ ಮಾತು ಹೇಳಿದಳು:
"ಬರೆದಾಗಿದೆಯಲ್ಲ."

ಥರ್ಲ್ ಮ್ಯಾಗರ್ಡ್‌ಗೆ ಎಂಬತ್ತಮೂರು. ಗಣಿ ತಿಂದುಳಿಸಿದ
ಪುಪ್ಪುಸದಲ್ಲಿ ಇಡೀ ವಾಕ್ಯ ಹಿಡಿಸುವುದಿಲ್ಲ.
ಅಲ್ಲಲ್ಲಿ ಇಳಿಸಿ, ಸುಧಾರಿಸಿಕೊಂಡು,
ಮತ್ತೆ ಹೊರುತ್ತಾನೆ ಮಾತನ್ನು.
ಅವನ ಬಾಂಜೊಗೆ ಅಕ್ರೋಟು ಮರದ ಕೊರಳು,
ಬೀನ್ಸ್ ಪಾತಿ ಹಾಳುಗೆಡವಿದ ಗ್ರೌಂಡ್‌ಹಾಗಿನ ತೊಗಲು.
"ತಿಂದದ್ದನ್ನು... ಹಾಡಿ ತೀರಿಸಲಿ"
ಅಂದ, ನಕ್ಕ, ಕೆಮ್ಮಿದ.
ಕೆಮ್ಮು ಅರ್ಧ ನಿಮಿಷ. ಅದನ್ನೂ ಕತ್ತರಿಸಬೇಕಂತೆ.

ಕೇಳಿದೆ: ಒಳ್ಳೆಯ ನಾದ ಎಲ್ಲಿಂದ ಬರುತ್ತದೆ?
ಅವನು ಅರೆಗೆತ್ತಿದ ಕೊರಳೊಂದನ್ನು ನನ್ನ ತೊಡೆಯ ಮೇಲಿಟ್ಟ.
ಮರಳುಕಾಗದದ ಚೂರು ಕೊಟ್ಟ. ತಾನೂ ಒಂದು ಹಿಡಿದ.
"ತಿಕ್ಕು."
ತಿಕ್ಕಿದೆ, ಕೇಳಿದ ಪ್ರಶ್ನೆ ಮರೆಯುವ ತನಕ,
ಮುಂದಿನ ಪ್ರಶ್ನೆಗಳ ಚೀಟಿ
ಹೊಟ್ಟಿನಡಿ ಮುಚ್ಚಿಹೋಗುವ ತನಕ.
ನಡುನಡುವೆ ಹೆಬ್ಬೆರಳಲ್ಲಿ ಸವರಿ
"ಇಲ್ಲಿ ಇನ್ನೂ ಇದೆ" ಅನ್ನುತ್ತಿದ್ದ.
ಏನಿದೆ ಅನ್ನಲಿಲ್ಲ.
ನನ್ನ ಕೈಗೆ, ತುಸು ತಡವಾಗಿ, ಗೊತ್ತಾಯಿತು.

ಈಗ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂತಿದ್ದೇನೆ.
ಟೇಪಿನಲ್ಲಿ ಎರಡು ಕೈ.
ನನ್ನದು ಗಡಿಬಿಡಿ, ಬಸ್ಸು ತಪ್ಪೀತೆಂಬ ಹಾಗೆ.
ಅವನದು ನಿದ್ದೆಗಣ್ಣಿನ ಮಗುವಿಗೆ ತಲೆ ಬಾಚಿದ ಹಾಗೆ,
ಸಿಕ್ಕಿದ್ದಲ್ಲಿ ನಿಂತು, ಬಿಡಿಸಿ, ಮತ್ತೆ.
ಹದಿನೇಳನೇ ನಿಮಿಷಕ್ಕೆ ಅವನ ಉಸಿರು ಸಿಕ್ಕಿಕೊಳ್ಳುತ್ತದೆ,
ಕೈ ನಿಲ್ಲುತ್ತದೆ.
ನನ್ನದೂ ನಿಂತಿದೆ. ನಿಲ್ಲಿಸಿದ್ದು ನೆನಪಿಲ್ಲ.
ಇಪ್ಪತ್ತೊಂಬತ್ತರ ಹೊತ್ತಿಗೆ
ಯಾವ ಸದ್ದು ಯಾರದೆಂದು ಹೇಳಲಾರೆ.

ಆರು ನಿಮಿಷದ ಮಾತಿನಲ್ಲಿ ನಾಲ್ಕು ನನ್ನವು.
ಅವನ್ನು ಕತ್ತರಿಸಿದೆ.

ಭಾನುವಾರ ಮೂರು ಫೋನು ಬಂದವು.
ರೇಡಿಯೋ ಕೆಟ್ಟಿದೆಯೇ ಎಂದು ಇಬ್ಬರು.
ಮೂರನೆಯವನು ಹೆಸರು ಹೇಳಲಿಲ್ಲ,
ಕಡೆಯ ತನಕ ಕೇಳಿದನಂತೆ;
"ಅದು ಅಕ್ರೋಟಲ್ಲವೆ?" ಎಂದ.