ಕೋಲ್ಮನ್ ಕನೀಲಿ ಅವರಿಗೆ

ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಇಷ್ಟೇ:
ಕೋಲ್ಮನ್ ಕನೀಲಿ. ಕೆಳಗೆ ನಮ್ಮೂರಿನ ಹೆಸರು,
ಅದೂ ತಪ್ಪು ಕಾಗುಣಿತದಲ್ಲಿ.
ಮೂಲೆಯಲ್ಲಿ ಗಾಲ್ವೇ ಆಸ್ಪತ್ರೆಯ ಮುದ್ರೆ.

ಇಪ್ಪತ್ತಾರು ವರ್ಷದಿಂದ ಈ ರಸ್ತೆಗೆ ಅಂಚೆ ತರುವವಳು ನಾನು.
ಯಾವುದು ಲೀಡ್ಸಿನ ತಂಗಿಯ ಕಾಗದ, ಯಾವುದು ಬ್ಯಾಂಕಿನದು,
ಮೂಸಿದರೆ ಸಾಕು.
ಇದು ಮಾತ್ರ ಮೂಗಿಗೆ ಬಗ್ಗಲಿಲ್ಲ.

ಈ ರಸ್ತೆಗೆ ಕೋಲ್ಮನ್ ಕನೀಲಿ ನಾಲ್ಕು ಜನ.
ಹಾಗೆಂದು ಕೂಗಿದರೆ ಒಬ್ಬನೂ ತಿರುಗಿ ನೋಡುವುದಿಲ್ಲ.
ಅದು ಪಿಂಚಣಿ ಪುಸ್ತಕದ ಹೆಸರು.
ಇಲ್ಲಿ ಅವರು ಅಂಗಡಿ ಕೋಲೀನ್,
ಸೊರಖಳ ಕೋಲೀನ್ (ಅಪ್ಪ ಬೇಗ ಹೋಗಿ ತಾಯಿಯೇ ಬೆಳೆಸಿದವನು),
ಫೆಸ್ತಿಯ ಟಾಮನ ಕೋಲೀನ್, ಕರೆದು ಮುಗಿಸುವಷ್ಟರಲ್ಲಿ
ಮೂರು ತಲೆಮಾರು ಬಾಗಿಲಿಗೆ ಬಂದು ನಿಂತಿರುತ್ತದೆ.
ಮತ್ತೆ ಕೆಂಚ ಕೋಲೀನ್.
ಅಕ್ಟೋಬರಿನಲ್ಲಿ ಏಡಿಬುಟ್ಟಿ ಎತ್ತಲು ಹೋಗಿದ್ದ.
ದೋಣಿ ಬಂತು.

ನಮ್ಮ ಮಾತಿನಲ್ಲಿ ಹೌದು, ಇಲ್ಲಗಳಿಗೆ ಬಿಡಿಪದವಿಲ್ಲ.
ಕೇಳಿದವರ ಕ್ರಿಯಾಪದವನ್ನೇ
ಅವರ ಕೈಗೆ ವಾಪಸು ಇಡಬೇಕು.
'ಇದಕ್ಕೆ ಕಾಯುತ್ತಿದ್ದೆಯಾ?' ಎಂದೆ.
'ಕಾಯುತ್ತಿರಲಿಲ್ಲ' ಎಂದ ಅಂಗಡಿಯವ,
'ನನ್ನ ಆಸ್ಪತ್ರೆ ಲೆಕ್ಕವೆಲ್ಲ ಎದೆಯದು.'
ಸೊರಖಳ ಕೋಲೀನ್ ಚಹಾ ಇಟ್ಟ, ರೊಟ್ಟಿ ಕೊಯ್ದ,
ಹೊಸ ಮಾಸ್ತರರ ಐರಿಷ್‌ನಲ್ಲಿ ಎಷ್ಟು ತಪ್ಪೆಂದು ಎಣಿಸಿದ,
ಎರಡನೇ ಲೋಟ ಮುಗಿದ ಮೇಲೆ
'ಕಾಯುತ್ತಿರಲಿಲ್ಲ' ಎಂದ.
ಫೆಸ್ತಿಯ ಟಾಮನ ಕೋಲೀನ್ ಕಾಗದವನ್ನು
ತಲೆಕೆಳಗೆ ಹಿಡಿದು ಓದಿದಂತೆ ಮಾಡಿದ.
ಅವನ ಎರಡೂ ಕಣ್ಣಲ್ಲಿ ಪೊರೆ, ಹಾಲಿನ ಕೆನೆಯಷ್ಟು ದಪ್ಪ.
'ಅರ್ಜಿಯನ್ನೇ ಹಾಕಿಲ್ಲ ಮಾರಾಯ್ತಿ.
ಸರದಿ ಮೂರು ವರ್ಷವಂತೆ. ನನಗೆ ಎಂಬತ್ತೊಂದು.'

ಉಳಿದದ್ದು ಒಂದೇ ಬಾಗಿಲು.

ಬಾರ್‌ಬ್ರಾ ಬೆಣ್ಣೆಚಾಕುವಿನಿಂದ ಲಕೋಟೆ ಬಿಡಿಸಿದಳು.
ಬಲಗಣ್ಣು. ಪೊರೆ. ಮಾರ್ಚ್ ಹನ್ನೊಂದು, ಬೆಳಿಗ್ಗೆ ಎಂಟು.
ಅಳಲಿಲ್ಲ. ಒಲೆಗೆ ಇನ್ನೊಂದು ಹೆಂಟೆ ಇಟ್ಟಳು.
'ಬಂಡೆ ಇದ್ದದ್ದು ಬಲಕ್ಕೇ' ಅಂದಳು.
ತುಂಬ ಹೊತ್ತು ಗೋಡೆಗಡಿಯಾರವೊಂದೇ ಮಾತಾಡಿತು.
ಆಮೇಲೆ, ಮೀನಿನ ಚೌಕಾಸಿಯ ದನಿಯಲ್ಲಿ:
'ಮೂರು ವರ್ಷ ಕಾದ ಸರದಿ ಇದು.
ಸುಮ್ಮನೆ ಹಾಳಾಗಬಾರದು. ಯಾರಿಗಾದರೂ ಕಾಣಲಿ.'

ಊರಿಗೆ ಊರೇ ಬಾಯಿಪಾಠ ಮಾಡಿಸಿತು.
ಪಾದ್ರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ,
ಬಸ್ಸಿನ ಚಾರ್ಜನ್ನು ಮಾತ್ರ ಅವರೇ ಕೊಟ್ಟರು.
ಮಾರ್ಚ್ ಹನ್ನೊಂದರ ನಸುಕಿನಲ್ಲಿ, ಅಡ್ಡಮಳೆಯಲ್ಲಿ,
ಖಾಲಿಹೊಟ್ಟೆಯ ಮುದುಕ
ಕಿಟಕಿ ಪಕ್ಕ ಕೂತು, ತುಟಿಯಲ್ಲೇ,
ನಲವತ್ತು ಮೈಲಿಯುದ್ದಕ್ಕೂ
ಸತ್ತವನ ಹುಟ್ಟಿದ ದಿನವನ್ನು ಜಪಿಸುತ್ತ ಹೋದ.

ನರ್ಸು ಕೇಳಿದಳಂತೆ: ನೀವೇನಾ ಕೋಲ್ಮನ್ ಕನೀಲಿ?
ಅದರಲ್ಲೇನು ಸುಳ್ಳು. 'ನಾನೇ' ಎಂದ.
ಅರವತ್ತಾರಕ್ಕೆ ಸ್ವಲ್ಪ ಸವೆದಿದ್ದೀರಿ, ಎಂದಳಂತೆ.
'ಸಮುದ್ರ' ಎಂದನಂತೆ.

ಪಟ್ಟಿ ಬಿಚ್ಚಿದ ದಿನ ಅವನು ಮೊದಲು ಹೋದದ್ದು
ಬಾರ್‌ಬ್ರಾ ಮನೆಗೆ. ಅವಳು ಕುರ್ಚಿ ಎಳೆದಳು.
ಕೂರಲಿಲ್ಲ. ಅವಳ ಮುಖ ನೋಡಿದ,
ಗೂಟದಲ್ಲಿ ಇನ್ನೂ ತೂಗುತ್ತಿದ್ದ ಎಣ್ಣೆಕೋಟು ನೋಡಿದ,
ಕಿಟಕಿಯಾಚೆ ನೀರು ಏರಿಳಿಯುವಲ್ಲಿ
ಕಪ್ಪಗೆ ಒದ್ದೆಯಾಗಿ ನಿಂತ ಅದನ್ನೂ ನೋಡಿದ.
ಏನಾದರೂ ಹೇಳಲೇಬೇಕಿತ್ತು.
'ನಿನ್ನ ಗೋಡೆಗೆ ಸುಣ್ಣ ಬೇಕು' ಎಂದ.
ಹೆಂಗಸು ನಕ್ಕದ್ದು ರಸ್ತೆಯ ತನಕ ಕೇಳಿಸಿತು;
ನನಗೇ ಕೇಳಿಸಿತು, ಸೈಕಲ್ಲಿನ ಮೇಲಿದ್ದೆ.

ಜೂನಿನಲ್ಲಿ ಇನ್ನೊಂದು ಲಕೋಟೆ.
ಅದೇ ಹೆಸರು, ಅದೇ ತಪ್ಪು ಕಾಗುಣಿತ.
ಬೆಳಕಿಗೆ ಹಿಡಿದೆ, ತಪ್ಪೆಂದು ಗೊತ್ತಿದ್ದೂ: ಎಡಗಣ್ಣು.
ಕೆಂಚನ ಎಡಗಣ್ಣಿಗೆ ಏನೂ ಆಗಿರಲಿಲ್ಲ.
ಈ ಸಲ ಯಾರನ್ನೂ ಕೇಳದೆ,
ಬಾರ್‌ಬ್ರಾಳ ಕೈಗೇ ಕೊಟ್ಟೆ.
ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು
ಕಲ್ಲುಗೋಡೆ ದಾಟಿ ನಡೆದಳು.