ಹೊರಗಿನ ಕಾಲಂ

ಇಪ್ಪತ್ತೆಂಟು ವರ್ಷ ಈ ಊರಿಗೆ ನೀರು ಬಿಟ್ಟವ ನಾ.
ಜೋರಾಪುರ ಪೇಟಿಗೆ ನಸುಕಿನ್ಯಾಗ,
ಶಹಾಪೇಟಿಗೆ ಎಂಟು ದಿನಕ್ಕೊಮ್ಮೆ, ಅದೂ ಬೈಗುಳ ತಿಂದು.
ಕಬ್ಬಿಣದ ಚಾವಿ ಹೊತ್ತು ಹೊತ್ತು ಬಲಭುಜ ಇನ್ನೂ ತಗ್ಗು.

ಈಗ ನನ್ನ ಹೊಟ್ಟಿಗೇ ಒಂದು ನಳ.
ಹೊಕ್ಕಳದ ಎಡಕ್ಕ, ಎರಡು ಬೆರಳು ಕೆಳಗ.
ದಿನಕ್ಕ ನಾಕು ಸಲ ಮೊಳೀಗೆ ಚೀಲ ತೂಗಹಾಕಿ ಒಳಗ ಬಿಡೂದು,
ನಾಕು ತಾಸು ಹೊತ್ತು ತಿರಗೂದು, ಇಳಸೂದು.
ರಜಮಾ ಉಳ್ಳಾಗಡ್ಡಿ ತೂಗೋ ಕಾಟಾಕ್ಕ ಚೀಲ ಸಿಗಿಸಿ
ಮೊಮ್ಮಗಳ ಹಳೇ ವಹಿಯೊಳಗ ಬರೀತಾಳ:
ಒಳಗ ಎರಡು ಸಾವಿರ.
ಹೊರಗ ಎರಡು ಸಾವಿರದ ಇನ್ನೂರು.

ಬುಧವಾರ ಹೊರಗ ಆರುನೂರು.
ಗುರುವಾರ ಮುನ್ನೂರಾ ಐವತ್ತು.
ಹೊಟ್ಟಿ ಬಿಗಿದು ನಿಂತಿತು. ಗುಮ್ಮಟ ಆತು ನೋಡು, ಅಂದೆ.
ಏಳು ಸಲ ಹೋಗಲಿ, ಒಂದು ಸಲಾನೂ ನಗಲಿಲ್ಲ ಆಕಿ.

ಒಳಗ ಹೋದದ್ದು ಹೊರಗ ಬರದಿದ್ರ ಮೊದಲು ನೋಡೂದು ಮಡಿಕಿ.
ನನಗ್ಯಾರು ಕಲಸಬೇಕು ಇದನ್ನ?
ಪಟ್ಟಿ ಬಿಚ್ಚಿ ನೋಡಿದೆ, ಪೈಪು ನೆಟ್ಟಗಿತ್ತು.
ಎಡಮಗ್ಗಲ ಮಲಗಿದೆ, ಬಲಮಗ್ಗಲ ಮಲಗಿದೆ,
ಬಾಗಲಾ ಹಾಕಿ ಒಂದೀಟು ಕುಣಿದೂ ನೋಡಿದೆ.
ಹನಿ. ಮತ್ತೊಂದು ಹನಿ.
ಹೊರಕಡಿಗೆ ಹೋಗಿ ಎಷ್ಟು ದಿನ ಆತು, ಸಿಸ್ಟರ್ ಫೋನಿನ್ಯಾಗ ಕೇಳಿದಳು.
ನಾಕು, ಅಂದೆ, ಗೋಡಿ ಕಡೆ ಮಾರಿ ಮಾಡಿ.
ತುಂಬಿದ ಕರುಳು ಪೈಪು ಒತ್ತತೈತಂತ. ಜುಲಾಬು ಕುಡಿದೆ.
ಆ ಹೊರಗು ಸರಿಹೋತು. ವಹಿಯೊಳಗಿನ ಹೊರಗು ಇಲ್ಲ.

ಎಕ್ಸರೇದಾಗ ಒಂದು ಬಿಳಿ ಗೆರಿ.
ಕೆಳಗ ಸುರುಳಿ ಸುತ್ತಿ ಕೂಡಬೇಕಾದದ್ದು
ಪಕ್ಕೆಲುಬಿನ ತನಕ ಏರಿ ಕುಂತಿತ್ತು.
ನೀರು ತಗ್ಗಿನ್ಯಾಗ, ನಳದ ಬಾಯಿ ದಿನ್ನಿ ಮ್ಯಾಲ.
ಇಂಥ ಲೈನು ಹಾಕಿದ ಕಂತ್ರಾಟದಾರರ ಕೂಡ
ಎಷ್ಟು ಜಗಳಾಡಿದ್ದೆ ನಾ.

ಹಂಜಗಿ ಡಾಕ್ಟರು ದುರ್ಬೀನು ಇಳಿಸಿ ನೋಡಿದ್ರು.
ಎಲ್ಲಾರ ಹೊಟ್ಟ್ಯಾಗೂ ಹಳದಿ ಕೊಬ್ಬಿನ ಸೆರಗು ಇರತೈತಂತ,
ಕರುಳಿನ ಮ್ಯಾಲ ಹೊಚ್ಚಿದ್ದು.
ಗಾಯ ಆದಲ್ಲಿ, ಹೊರಗಿನವರು ಬಂದಲ್ಲಿ
ಕಣ್ಣಿಲ್ಲದ ಸರಕೊಂಡು ಹೋಗತೈತಂತ ಅದು.
ಪೈಪಿನ ತೂತು ತೂತಿನ್ಯಾಗ ಹೊಕ್ಕು ತೆಕ್ಕಿ ಬಡದಿತ್ತು.

ಚಾಂದಬಾವಡಿ ಹತ್ರ ಒಮ್ಮೆ ಮೂರು ದಿನ ಅಗದಿದ್ವಿ.
ಜಾಯಿಂಟಿನ ಕೂದಲೆಳಿ ಸಂದಿಯೊಳಗ ಬೇವಿನ ಬೇರು ಹೊಕ್ಕು
ಪೈಪಿನ ತುಂಬ ಜಡಿ ಬಿಟ್ಟಿತ್ತು.
ಜಗ್ಗಿ ತಗದು ರಸ್ತಾದ ಮ್ಯಾಲ ಒಗದ್ರ
ತಾಸೊತ್ತು ನೀರು ಸೋರಿತು ಅದರಿಂದ.
ಮುಕಾದಮ ಬೈದ. ನಾನೂ ಬೈದೆ.
ನೀರಡಿಸಿದ್ದಕ್ಕ ಬೈದಿದ್ವಿ.

ಸೆರಗು ಕತ್ತರಿಸ್ಯಾರ, ಪೈಪು ತಗ್ಗಿಗೆ ತಂದು
ಒಂದು ಹೊಲಿಗಿ ಹಾಕ್ಯಾರ.
ಮತ್ತ ಏರಬಹುದು, ಗ್ಯಾರಂಟಿ ಇಲ್ಲ, ಅಂದ್ರು.
ಯಾವ ಲೈನಿಗೆ ಇತ್ತು ಗ್ಯಾರಂಟಿ?

ರಾತ್ರಿ ಹತ್ತು. ನೆಲದ ಮ್ಯಾಲಿನ ಚೀಲ
ಹೊಳ್ಳಿ ಮಲಗಿದ ಕೂಸಿನಂಗ ಉಬ್ಬೈತಿ.
ರಜಮಾ ಕಾಟಾ ಎತ್ತಿ ಹಿಡದಾಳ, ಕೈ ನಡಗತಾವ,
ಮುಳ್ಳು ಇನ್ನೂ ಅಲ್ಲಾಡತೈತಿ.
ತಡಿ, ಈಗ ಓದಬ್ಯಾಡ.
ನಿಲ್ಲಲಿ ಅದು.