ನಾಲ್ಕು ಬೆರಳು ಕಿಟಕಿ

ಯಜ್ದ್‌ನಲ್ಲಿ ಗಾಳಿಗೋಪುರವೆಂದರೆ ಹಗಲುಗನಸಲ್ಲ,
ಹಸಿ ಇಟ್ಟಿಗೆ, ಮಣ್ಣು, ಕೂಲಿಯ ಲೆಕ್ಕ.
ಅಜ್ಜಂದಿರು ಗಾಳಿಯ ಕತ್ತು ಹಿಡಿದು
ನೆಲಮನೆಯ ನೀರಿನವರೆಗೆ ಇಳಿಸಿದರು.
ಈಗ ಅದರೊಳಗೆ ಪಾರಿವಾಳಗಳ ಸಂಸಾರ.
ಪಕ್ಕದಲ್ಲೇ, ಮಾಳಿಗೆಯ ಮೇಲೆ, ತಗಡಿನ ಪೆಟ್ಟಿಗೆ:
ನೀರಿನ ಕೂಲರು.
ನನ್ನ ರೊಟ್ಟಿ ಇರುವುದು ಅದರಲ್ಲಿ.

ಬೇಸಿಗೆ ಬಲಿಯುವ ಮೊದಲು ಮೂರು ವಾರ
ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ.
ಚಳಿಗಾಲದ ಗೋಣಿ ಬಿಚ್ಚು, ಸತ್ತ ಹಲ್ಲಿ ಎತ್ತಿ ಎಸೆ,
ಸುಣ್ಣಗಟ್ಟಿದ ತೊಟ್ಟಿ ಕೆರೆ,
ಬೆಲ್ಟಿಗೆ ಬೆರಳೊತ್ತಿ ನೋಡು, ಬೇರಿಂಗಿಗೆ ಎರಡು ಹನಿ ಎಣ್ಣೆ,
ಹಳೆಯ ಹುಲ್ಲು ಕಿತ್ತು ಹೊಸ ಹುಲ್ಲಿನ ಮೆತ್ತೆ ತುಂಬು.
ಪಂಪು ಕೆಮ್ಮಿ ಕೆಮ್ಮಿ ನೀರೆತ್ತಿ
ಹುಲ್ಲಿನ ತಲೆಗೆ ಹೊಯ್ಯುತ್ತದಲ್ಲ, ಆ ವಾಸನೆ!
ನಮ್ಮೂರ ಮಕ್ಕಳು
ಮಳೆಯ ವಾಸನೆ ಅಂದುಕೊಂಡಿರುವುದು ಅದನ್ನೇ.

ಗೋಹರ್‌ತಾಜ್ ಖಾನಂ ಕರೆಸಿದ್ದು ಇದು ಮೂರನೆಯ ಸಲ.
‘ಉಸ್ತಾದ, ನಿನ್ನ ಕೂಲರು ಗೊರಕೆ ಹೊಡೆಯುತ್ತೆ,
ತಂಪು ಮಾತ್ರ ಕೊಡೋದಿಲ್ಲ.’
ಮೇಲೆ ಹತ್ತಿ ನೋಡಿದೆ. ಮೆತ್ತೆ ಹೊಸದು, ನೀರು ಸಮ,
ಫ್ಯಾನು ಮದುವೆಮನೆಯ ಮಾವನ ಹಾಗೆ ಸುತ್ತುತ್ತಿದೆ.
ಆಚೆಯ ಮಾಳಿಗೆಯ ಕೂಲರು ಇನ್ನೂ ಗೋಣಿಯಲ್ಲೇ ಇತ್ತು.

ಕೆಳಗೆ ಬಂದರೆ ಕೋಣೆಯೆಲ್ಲ ಒದ್ದೆ ಉಸಿರು.
ಜಮಖಾನೆಗೆ ಮುಗ್ಗಲು. ಹಲ್ಲಲ್ಲಿ ಕಚ್ಚಿ ಚಹಾ ಕುಡಿಯುವ
ಸಕ್ಕರೆ ತುಂಡುಗಳು ಬಟ್ಟಲಲ್ಲೇ ಬೆವರಿ
ಒಂದಕ್ಕೊಂದು ಅಂಟಿಕೊಂಡಿವೆ.
ಅಂಗಳದ ಕಿಟಕಿ ಮುಚ್ಚಿದೆ.
ಮುಚ್ಚಿದ್ದು ಮಾತ್ರವಲ್ಲ, ಸಂದಿಗೆ ಪೇಪರು, ಪೇಪರಿಗೆ ಅಂಟು.

ಆಚೆಗೆ ತೂಬಾ. ಒಡಹುಟ್ಟಿದವಳು.
ಅಪ್ಪ ಹೋದ ಮೇಲೆ ಹಗ್ಗ ಹಿಡಿದು ಅಂಗಳ ಹಂಚಿದರಂತೆ:
ದಾಳಿಂಬೆ ಗಿಡ ಆಚೆಗೆ, ನೀರಿನ ತೊಟ್ಟಿ ಈಚೆಗೆ.
ಗಿಡಕ್ಕೆ ನೀರು ಯಾರದೆಂದು ಯಾರೂ ಬರೆದುಕೊಳ್ಳಲಿಲ್ಲ.
ಏಳು ಬೇಸಿಗೆ ಕಳೆದಿದೆ.

‘ಖಾನಂ, ಕಿಟಕಿ ತೆರೆಯಬೇಕು.’
‘ತಂಪು ಹೊರಗೆ ಹೋಗೋದಿಲ್ವ?’
‘ಹೋಗಬೇಕು.
ನೀರು ಆವಿಯಾಗುವಾಗ ಸೆಖೆಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತೆ.
ಮರುಭೂಮಿಯ ಗಾಳಿಗೆ ಬಾಯಾರಿಕೆ, ಹುಲ್ಲಿನಿಂದ ಕುಡಿಯುತ್ತೆ.
ಕುಡಿದು ಹೊಟ್ಟೆ ತುಂಬಿದ ಗಾಳಿಯನ್ನು ಕೂಡಿಹಾಕಿದರೆ
ಹೊಸ ಗಾಳಿ ಎಲ್ಲಿ ಕೂರಬೇಕು?’

ಅವಳು ಬಹಳ ಹೊತ್ತು ಲೆಕ್ಕ ಹಾಕಿದಳು.
‘ಅಂದರೆ, ಕರೆಂಟು ನನ್ನದು, ನೀರು ನನ್ನದು,
ತಂಪು ಅವಳ ಪಾಲಿಗೆ?’
‘ಅವಳ ಪಾಲು ಹೋದರೇನೇ
ನಿಮ್ಮ ಪಾಲು ಬರುವುದು, ಖಾನಂ.
ನಾನು ಮಾಡಿದ ಕಾನೂನಲ್ಲ.’

ಅವಳು ನನ್ನನ್ನು ಬೈದಳು, ಕೂಲರು ಮಾಡಿದವನನ್ನು ಬೈದಳು,
ಕಲ್ಲಂಗಡಿ ಕೊಯ್ಯುವ ಚಾಕು ತಂದು
ಏಳು ವರ್ಷದ ಹಿಂದಿನ ಚಿನ್ನದ ಬೆಲೆಯನ್ನೂ
ಯಾವುದೋ ಫುಟ್ಬಾಲಿನ ಸೋಲನ್ನೂ ಸರ್ರನೆ ಸೀಳಿದಳು.
ಕಿಟಕಿ ಕಿರುಗುಟ್ಟಿತು.
ಕೈಯಿಟ್ಟು ಅಳೆದಳು. ನಾಲ್ಕು ಬೆರಳು.
ಹೆಬ್ಬೆರಳು ಸೇರಿಸಿಕೊಳ್ಳಲಿಲ್ಲ.

ಪರದೆ ಆಚೆಗೆ ಉಬ್ಬಿತು.
ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ
ನನ್ನ ಕತ್ತಿನ ಬೆವರು ಒಣಗಿ ಉಪ್ಪಾಯಿತು.
ಅವಳು ತಲೆವಸ್ತ್ರದ ಗಂಟು ತುಸು ಸಡಿಲಿಸಿ
ಗೋಡೆಗೆ ಒರಗಿದಳು.

ಆಗ ಅಂಗಳದಾಚೆ
ಮರದ ಮಂಚವೊಂದನ್ನು
ಯಾರೋ ನಿಧಾನ, ಕಾಲು ಕಾಲಾಗಿ,
ಕಿಟಕಿಯ ಹತ್ತಿರಕ್ಕೆ ಎಳೆಯುವ ಸದ್ದು.

‘ಬೆಕ್ಕಿರಬೇಕು,’ ಅಂದಳು ಗೋಹರ್‌ತಾಜ್.
ಇಕ್ಕಳ, ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡೆ.
ಒಪ್ಪಿದ್ದಕ್ಕಿಂತ ಕಡಿಮೆ ಎಣಿಸಿ ಕೊಟ್ಟಳು.
‘ರಿಪೇರಿ ಏನೂ ಮಾಡಲಿಲ್ಲವಲ್ಲ ನೀನು.’